ಮ್ಯಾನೇಜ್‌ಮೆಂಟ್ ವಿಷಯದ ಪಿಎಚ್.ಡಿ.: ಶುಲ್ಕ ಕಟ್ಟಿದ ಮೇಲೆ ಉಳಿಯುವ ಕೆಲಸ



ವಾರ್ಷಿಕ ವರದಿಯಲ್ಲಿ ಲೆಕ್ಕಪತ್ರದ ಪುಟಗಳು ಮುಗಿದ ಮೇಲೆ ಯಾವುದಾದರೂ ಒಂದು ಓದಿನ ದಾರಿಯ ಬಗ್ಗೆ ವಿವರವಾಗಿ ಬರೆಯುವುದು ನಮ್ಮ ರೂಢಿ. ಈ ಸಲ ಪಿಎಚ್.ಡಿ., ಅದರಲ್ಲೂ ಮ್ಯಾನೇಜ್‌ಮೆಂಟ್ ವಿಷಯದ ಪಿಎಚ್.ಡಿ. ಬಗ್ಗೆ ಬರೆಯುತ್ತಿದ್ದೇವೆ. ಕಳೆದ ವರ್ಷ ಹುತ್ತೂರಿನಲ್ಲಿ ವಿದ್ಯಾರ್ಥಿವೇತನ ವಿತರಿಸುವಾಗ ಹಿರಿಯ ದಾನಿಯೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ಎಂಜಿನಿಯರಿಂಗ್ ಹುಡುಗನಿಗೆ ನಾಲ್ಕು ವರ್ಷ ಕೊಟ್ಟರೆ ಮನೆಗೆ ಸಂಬಳ ಬರುತ್ತದೆ. ಎಂಬಿಎ ಮುಗಿಸಿದವನು ಕಂಪನಿಗೆ ಹೋಗಬೇಕು. ಅವನಿಗೆ ಮತ್ತೆ ಐದಾರು ವರ್ಷ ಓದಲು ದುಡ್ಡು ಕೊಡುವುದು ಯಾಕೆ?" ಸಭೆಯಲ್ಲಿ ಕೆಲವರು ನಕ್ಕರು. ಆದರೆ ಅದು ನಗುವ ಪ್ರಶ್ನೆಯಲ್ಲ, ಅವತ್ತು ನಮ್ಮ ಬಳಿ ನೆಟ್ಟಗಿನ ಉತ್ತರವೂ ಇರಲಿಲ್ಲ.

ಉತ್ತರ ಇಲ್ಲದಿರಲು ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ನಮ್ಮ ನೆರವಿನಿಂದ ಒಬ್ಬ ಹುಡುಗ ಮ್ಯಾನೇಜ್‌ಮೆಂಟ್‌ನಲ್ಲಿ ಪಿಎಚ್.ಡಿ. ಮುಗಿಸಿದ. ರೇಷ್ಮೆ ನೂಲು ಬಿಚ್ಚಾಣಿಕೆಯ ಮನೆಯವನು. ಮನೆಯಲ್ಲಿ ಮೊದಲ ಪದವೀಧರನೂ ಅವನೇ, ಮೊದಲ ಡಾಕ್ಟರೇಟೂ ಅವನದೇ. ಪ್ರತಿ ವರ್ಷ ನಾವು ಅವನಿಂದ ಕೇಳಿ ಪಡೆದದ್ದು ಒಂದೇ ಕಾಗದ, ಶುಲ್ಕದ ರಸೀದಿ. ಯಾರು ಮಾರ್ಗದರ್ಶಕರು, ಏನು ಓದುತ್ತಿದ್ದೀಯ, ಎಲ್ಲಿ ಬರೆಯುತ್ತಿದ್ದೀಯ ಎಂದು ಒಂದು ಸಲವೂ ಕೇಳಲಿಲ್ಲ. ಪದವಿ ಬಂದಾಗ ಶಾಲು ಹೊದಿಸಿ ಫೋಟೊ ತೆಗೆಸಿದೆವು. ಆಮೇಲೆ ಅವನು ಮೂರು ಕಾಲೇಜುಗಳ ಸಂದರ್ಶನಕ್ಕೆ ಹೋಗಿ ಬಂದ. ಮೊದಲನೆಯ ಕಡೆ ಹತ್ತು ನಿಮಿಷ ಪಾಠ ಮಾಡಿ ತೋರಿಸಿ ಎಂದರಂತೆ. ಕೈಯಲ್ಲಿ ಮಾರ್ಕರ್ ಹಿಡಿದು ಬೋರ್ಡಿನ ಕಡೆ ತಿರುಗಿದವನಿಗೆ ಮಾತು ಹೊರಡಲಿಲ್ಲ. ಎರಡನೆಯ ಕಡೆ ಅವನ ನಾಲ್ಕು ಲೇಖನಗಳನ್ನು ನೋಡಿ, ಇವೆಲ್ಲ ದುಡ್ಡು ಕೊಟ್ಟರೆ ಹಾಕುವ ಪತ್ರಿಕೆಗಳು, ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದರು. ಮೂರನೆಯ ಕಡೆ ಕೇಳಿದ ಪ್ರಶ್ನೆ ಇನ್ನೂ ಸರಳವಾಗಿತ್ತು: ನಿಮ್ಮ ಪ್ರಬಂಧದಿಂದ ನಮಗೆ ಹೊಸದಾಗಿ ಏನು ಗೊತ್ತಾಯಿತು? ಈಗ ಅವನು ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಾನೆ. ಇದನ್ನು ಬರೆಯಿರಿ ಎಂದು ಒಪ್ಪಿಗೆ ಕೊಟ್ಟವನೂ ಅವನೇ.

ಆ ಹುಡುಗನಲ್ಲಿ ಬುದ್ಧಿಗೆ ಕೊರತೆ ಇರಲಿಲ್ಲ. ದಾನಿಗಳ ದುಡ್ಡು ಪದವಿಗೆ ಹೋಯಿತು, ಅಧ್ಯಾಪಕನ ಕಸುಬು ಕಲಿಯಲು ಬೇಕಾದ ಯಾವುದಕ್ಕೂ ಹೋಗಲಿಲ್ಲ. ಎರಡೂ ಒಂದೇ ಎಂದು ನಾವು ತಿಳಿದಿದ್ದೆವು. ಈ ತಪ್ಪು ನಮ್ಮದು.

ಎಂಬಿಎ ಬೇರೆ, ಪಿಎಚ್.ಡಿ. ಬೇರೆ

ಎಂಬಿಎ ಎಂದರೆ ವ್ಯವಹಾರ ನಡೆಸಲು ಕಲಿಯುವ ಓದು. ವ್ಯವಹಾರಗಳು ಹೀಗೆ ಯಾಕೆ ನಡೆಯುತ್ತವೆ ಎಂದು ಹುಡುಕಿ, ಪುರಾವೆ ತೋರಿಸಿ, ಬೇರೆಯವರಿಗೆ ಕಲಿಸಲು ಸಿದ್ಧರಾಗುವ ಓದು ಪಿಎಚ್.ಡಿ. ದರ್ಜಿಯ ಕೆಲಸ ಬಲ್ಲವನಿಗೂ ಬಟ್ಟೆಯ ಗುಣ ಪರೀಕ್ಷಿಸುವವನಿಗೂ ಇರುವ ವ್ಯತ್ಯಾಸದ ಹಾಗೆ. ಎಂಬಿಎ, ಬಿಬಿಎ, ಬಿ.ಕಾಂ. ತರಗತಿಗಳು ನಮ್ಮ ಜಿಲ್ಲೆಯ ಊರೂರಿಗೆ ಬಂದಿವೆ, ಅವುಗಳಿಗೆ ಅಧ್ಯಾಪಕರು ಬೇಕು. ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರು ಭಾಗ ಮಾಡಿದಾಗ 2017ರಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದ ಟಮಕದಲ್ಲಿ ನೆಲೆ ಕಂಡಿತು. ಸಂಶೋಧನೆ ಎಂದರೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು ಎಂಬ ಕಾಲ ಹೋಯಿತು.

ಖರ್ಚಿನ ವಿಷಯದಲ್ಲಿ ನಮ್ಮ ಕುಟುಂಬಗಳಲ್ಲಿ ಒಂದು ತಪ್ಪು ಕಲ್ಪನೆ ಇದೆ. ಸಂಸ್ಥೆ ದೊಡ್ಡದಾದಷ್ಟೂ ಖರ್ಚು ದೊಡ್ಡದು ಎಂದು ತಿಳಿಯುತ್ತಾರೆ. ಎಂಬಿಎಗೆ ಅದು ನಿಜ. ಪಿಎಚ್.ಡಿ.ಗೆ ಹೆಚ್ಚು ಕಡಿಮೆ ತಿರುಗಮುರುಗ. ಬನ್ನೇರುಘಟ್ಟ ರಸ್ತೆಯಲ್ಲಿರುವ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆ, ಅಂದರೆ ಐಐಎಂ ಬೆಂಗಳೂರು, 1973ರಲ್ಲಿ ಶುರುವಾದದ್ದು. ಅಲ್ಲಿ ಎಂಬಿಎ ಮಾಡಲು 20 ಲಕ್ಷ ರೂಪಾಯಿಗೂ ಹೆಚ್ಚು ಬೇಕು. ಅದೇ ಆವರಣದಲ್ಲಿ ಪಿಎಚ್.ಡಿ.ಗೆ ಆಯ್ಕೆಯಾದವರಿಗೆ ಬೋಧನಾ ಶುಲ್ಕವಿಲ್ಲ, ತಿಂಗಳು ತಿಂಗಳು ಫೆಲೋಶಿಪ್ ಕೊಡುತ್ತಾರೆ. ಹಿಂದೆ ಐಐಎಂಗಳು ಇದಕ್ಕೆ 'ಫೆಲೋ' ಎಂಬ ಹೆಸರು ಕೊಡುತ್ತಿದ್ದವು. ಐಐಎಂ ಕಾಯ್ದೆ 2018ರ ಜನವರಿ 31ರಂದು ಜಾರಿಗೆ ಬಂದ ಮೇಲೆ ಪಿಎಚ್.ಡಿ. ಪದವಿಯನ್ನೇ ಕೊಡುತ್ತಿವೆ. ಕ್ಯಾಟ್ ಅಥವಾ ಅಂಥದೇ ಪರೀಕ್ಷೆ, ಆಮೇಲೆ ಸಂದರ್ಶನ. ಕಷ್ಟವೇ, ಇಲ್ಲ ಎನ್ನುವುದಿಲ್ಲ. ಆದರೆ ನಮ್ಮ ಮಕ್ಕಳು ಅಲ್ಲಿ ಸೋತವರಲ್ಲ, ಅರ್ಜಿಯನ್ನೇ ಹಾಕದವರು. ಕೋಲಾರದಿಂದ ಎರಡು ಮೂರು ಗಂಟೆಯ ದಾರಿಯಲ್ಲಿ ಶುಲ್ಕವಿಲ್ಲದ ಬಾಗಿಲೊಂದಿದೆ ಎಂದು ಅವರಿಗೆ ಹೇಳಿದವರೇ ಇಲ್ಲ. ಶುಲ್ಕ ಕೇಳುವ ಬಾಗಿಲಿಗೆ ನಾವು ವರ್ಷಗಟ್ಟಲೆ ದುಡ್ಡು ಕಟ್ಟಿದೆವು.

ಉಳಿದ ವಿಶ್ವವಿದ್ಯಾಲಯಗಳ ನಿಯಮ ಯುಜಿಸಿಯ 2022ರ ನಿಯಮಾವಳಿಯಂತೆ ನಡೆಯುತ್ತದೆ. ಸ್ನಾತಕೋತ್ತರದಲ್ಲಿ 55 ಶೇಕಡಾ ಅಂಕ ಬೇಕು, ಮೀಸಲು ವರ್ಗಗಳಿಗೆ 5 ಶೇಕಡಾ ರಿಯಾಯಿತಿ ಇದೆ. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿ ಮತ್ತು ರಾಜ್ಯದ ಪಟ್ಟಿ ಒಂದೇ ಅಲ್ಲ, ಆದ್ದರಿಂದ ಪ್ರಮಾಣಪತ್ರ ಯಾವುದು ಬೇಕೆಂದು ಅರ್ಜಿಗೆ ಮೊದಲೇ ನೋಡಿಕೊಳ್ಳಿ. ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6, ಮತ್ತೆ 2 ವರ್ಷ ವಿಸ್ತರಣೆ ಸಿಗಬಹುದು. ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಒಂದು ಕಾಲಕ್ಕೆ 8ಕ್ಕಿಂತ ಹೆಚ್ಚು, ಸಹ ಪ್ರಾಧ್ಯಾಪಕರಲ್ಲಿ 6ಕ್ಕಿಂತ ಹೆಚ್ಚು, ಸಹಾಯಕ ಪ್ರಾಧ್ಯಾಪಕರಲ್ಲಿ 4ಕ್ಕಿಂತ ಹೆಚ್ಚು ಸಂಶೋಧನಾ ವಿದ್ಯಾರ್ಥಿಗಳು ಇರುವಂತಿಲ್ಲ. ಈ ಲೆಕ್ಕವನ್ನು ಸೇರುವ ಮುಂಚೆ ಕೇಳುವುದರಲ್ಲಿ ಸಂಕೋಚ ಬೇಡ. ಮದುವೆ ಸಂಬಂಧ ನೋಡುವಾಗ ಎಷ್ಟು ವಿಚಾರಿಸುತ್ತೇವೋ ಅದರ ಅರ್ಧದಷ್ಟಾದರೂ ಮಾರ್ಗದರ್ಶಕರ ಬಗ್ಗೆ ವಿಚಾರಿಸಬೇಕು.

ಫೆಲೋಶಿಪ್‌ಗಳ ಸ್ಥಿತಿ ಈಚೆಗೆ ಬಿಗಿಯಾಗಿದೆ. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗೆ 2009ರಿಂದ ಸಿಗುತ್ತಿದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು ಕೇಂದ್ರ ಸರ್ಕಾರ 2022-23ರಿಂದ ನಿಲ್ಲಿಸಿತು. ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯ ಫೆಲೋಶಿಪ್ ಇದೆ. ಅದರ ಮೊತ್ತ ಸರ್ಕಾರ ಬದಲಾದಂತೆ ಏರಿಳಿದಿದೆ, ಆಯಾ ವರ್ಷದ ಪ್ರಕಟಣೆ ನೋಡಬೇಕು. ಗಟ್ಟಿಯಾಗಿ ಉಳಿದಿರುವುದು ನೆಟ್ ಪರೀಕ್ಷೆಯ ಜೂನಿಯರ್ ರಿಸರ್ಚ್ ಫೆಲೋಶಿಪ್: 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ನಂತರ 42,000 ರೂ. ಇದಕ್ಕೆ ವಯಸ್ಸಿನ ಮಿತಿ 30, ಹೆಣ್ಣುಮಕ್ಕಳಿಗೆ 5 ವರ್ಷ ಸಡಿಲಿಕೆ. ಹಾಗಾಗಿ ಎಂಬಿಎ ಎರಡನೆಯ ವರ್ಷದಲ್ಲೇ ನೆಟ್ ತಯಾರಿ ಶುರುವಾಗಬೇಕು. ಎಲ್ಲಾದರೂ ಕೆಲಸಕ್ಕೆ ಸೇರಿ ಆಮೇಲೆ ನೋಡೋಣ ಎಂದವರು ಮತ್ತೆ ನೋಡಿದಾಗ ವಯಸ್ಸು ದಾಟಿರುತ್ತದೆ. 2024ರಿಂದ ಪಿಎಚ್.ಡಿ. ಪ್ರವೇಶಕ್ಕೂ ನೆಟ್ ಅಂಕಗಳನ್ನು ಬಳಸಬಹುದಾಗಿದೆ. ಫೆಲೋಶಿಪ್ ಸಿಗದೆ ಕೇವಲ ಅರ್ಹತೆ ಪಡೆದವರಿಗೆ ಆ ಅಂಕಕ್ಕೆ 70, ಸಂದರ್ಶನಕ್ಕೆ 30 ಶೇಕಡಾ ತೂಕ.

ಪ್ರಶ್ನೆ ಎಲ್ಲಿದೆ?

ಮೂರನೆಯ ಕಾಲೇಜಿನಲ್ಲಿ ನಮ್ಮ ಹುಡುಗ ತಡವರಿಸಿದ್ದು ಪ್ರಬಂಧದ ಪ್ರಶ್ನೆಯ ಮುಂದೆ. ಅದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿಗೆ ಬರುವ ಅರ್ಜಿಗಳಲ್ಲಿ ಸಂಶೋಧನಾ ವಿಷಯ ಎಂಬ ಜಾಗದಲ್ಲಿ ಸಾಮಾನ್ಯವಾಗಿ ಒಂದೇ ಅಚ್ಚಿನ ಸಾಲು ಇರುತ್ತದೆ: ಇಂಥ ಸೇವೆಯ ಬಗ್ಗೆ ಗ್ರಾಹಕರ ತೃಪ್ತಿ, ಕೋಲಾರ ಜಿಲ್ಲೆಯನ್ನು ವಿಶೇಷವಾಗಿ ಗಮನಿಸಿ ಒಂದು ಅಧ್ಯಯನ. ಅದು ಪ್ರಶ್ನೆಯಲ್ಲ. ಉತ್ತರ ಏನು ಬಂದರೂ ಯಾರಿಗೂ ಆಶ್ಚರ್ಯವಾಗುವುದಿಲ್ಲ.

ಈಗ ನಮ್ಮ ನೆರವು ಪಡೆಯುತ್ತಿರುವ ಶ್ರೀನಿವಾಸಪುರ ಕಡೆಯ ಹೆಣ್ಣುಮಗಳೊಬ್ಬಳ ವಿಷಯ ನೋಡಿ. ಅವಳೂ ಮೊದಲು ಇಂಥದೇ ಸಾಲು ಬರೆದುಕೊಂಡು ಬಂದಿದ್ದಳು. ಮನೆಯಲ್ಲಿ ಮಾವಿನ ಜೊತೆ ಟೊಮೆಟೊ ಬೆಳೆಯುತ್ತಾರೆ. ಮಾತಿನ ಮಧ್ಯೆ ನಮ್ಮ ಸಮಿತಿಯ ಒಬ್ಬರು, "ನಿಮ್ಮಪ್ಪ ಟೊಮೆಟೊ ಯಾರಿಗೆ ಹಾಕ್ತಾರಮ್ಮ?" ಎಂದು ಕೇಳಿದರು. ಕೋಲಾರದ ಎಪಿಎಂಸಿಯಲ್ಲಿ ಒಂದೇ ಮಂಡಿಗೆ, ಹನ್ನೆರಡು ವರ್ಷದಿಂದ ಎಂದಳು. ಪಕ್ಕದ ಮಂಡಿಯಲ್ಲಿ ಬಾಕ್ಸಿಗೆ ಐವತ್ತು ರೂಪಾಯಿ ಹೆಚ್ಚು ಸಿಕ್ಕ ದಿನವೂ? ಆ ದಿನವೂ. ಯಾಕೆ? ಅವಳು ಸುಮ್ಮನಾದಳು. ಈಗ ಅವಳ ಪಿಎಚ್.ಡಿ. ಆ 'ಯಾಕೆ' ಮೇಲೆಯೇ ನಿಂತಿದೆ.

ಈ ಪ್ರಶ್ನೆಗೆ ದೊಡ್ಡ ನೆಂಟಸ್ತಿಕೆ ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರು ಅಧ್ಯಯನ ಮಾಡಿದ್ದು ನ್ಯೂಯಾರ್ಕಿನ ಷೇರುಪೇಟೆಯನ್ನಲ್ಲ, ಕಾಸರಗೋಡು, ಕಣ್ಣೂರು, ಕೋಝಿಕ್ಕೋಡ್ ಕರಾವಳಿಯ ಬೂತಾಯಿ ಮೀನಿನ ವ್ಯಾಪಾರವನ್ನು. 1997ರ ನಂತರ ಅಲ್ಲಿಗೆ ಮೊಬೈಲ್ ಫೋನ್ ಬಂತು. ಮೀನುಗಾರರು ಕಡಲಲ್ಲಿದ್ದಾಗಲೇ ಫೋನ್ ಮಾಡಿ ಯಾವ ದಡದಲ್ಲಿ ಬೆಲೆ ಇದೆಯೋ ಅಲ್ಲಿಗೆ ದೋಣಿ ತಿರುಗಿಸತೊಡಗಿದರು. ಒಂದು ದಡದಲ್ಲಿ ಮೀನು ಚೆಲ್ಲುವುದು, ಇನ್ನೊಂದರಲ್ಲಿ ಸಿಗದಿರುವುದು ನಿಂತಿತು. ಮೀನುಗಾರರ ಲಾಭ ಸರಾಸರಿ 8 ಶೇಕಡಾ ಏರಿತು, ಕೊಳ್ಳುವವರಿಗೆ ಬೆಲೆ 4 ಶೇಕಡಾ ಇಳಿಯಿತು. ಜಗತ್ತಿನ ಅರ್ಥಶಾಸ್ತ್ರ ತರಗತಿಗಳಲ್ಲಿ ಈ ಲೇಖನವನ್ನು ಓದಿಸುತ್ತಾರೆ.

ನಮ್ಮ ಹುಡುಗಿ ಅದನ್ನು ಓದಿ ಬಂದು ಹೇಳಿದ ಮಾತು ಸಮಿತಿಯಲ್ಲಿ ಎಲ್ಲರಿಗೂ ಹಿಡಿಸಿತು. ಕೋಲಾರದಲ್ಲಿ ಪ್ರತಿ ರೈತನ ಜೇಬಿನಲ್ಲೂ ಫೋನ್ ಇದೆ, ಬೆಲೆ ಎಲ್ಲರಿಗೂ ಗೊತ್ತು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2 ಸಾವಿರ ರೂಪಾಯಿ ದಾಟಿದ ಸುದ್ದಿ ಹರಾಜು ಮುಗಿಯುವ ಮುಂಚೆಯೇ ಊರಿಗೆ ಬಂದಿತ್ತು. ಆದರೂ ದೋಣಿ ತಿರುಗಲಿಲ್ಲ, ರೈತ ತನ್ನ ಹಳೆಯ ಮಂಡಿಗೇ ಹೋದ. ಹಾಗಾದರೆ ಅವನನ್ನು ಕಟ್ಟಿಹಾಕಿರುವುದು ಮಾಹಿತಿಯ ಕೊರತೆಯಲ್ಲ. ಸಸಿಗೆ, ಕೋಲಿಗೆ, ಔಷಧಿಗೆ ಮಂಡಿಯಿಂದ ತಂದ ಮುಂಗಡವೇ? ಬೆಲೆ ನೆಲಕಚ್ಚಿದ ದಿನವೂ ಮಾಲು ಇಳಿಸಿಕೊಳ್ಳುವ ಭರವಸೆಯೇ? ಅಥವಾ ಮಗಳ ಮದುವೆಗೆ ಅದೇ ಮಂಡಿಯವರು ಕೊಟ್ಟ ಕೈಸಾಲವೇ? ಒಂದೊಂದಕ್ಕೂ ಪುರಾವೆ ಬೇರೆ ಬೇರೆ ಕಡೆಯಿಂದ ಬರಬೇಕು. ಮುಂಗಡ ಪಡೆದವರನ್ನೂ ಪಡೆಯದವರನ್ನೂ ಹೋಲಿಸಬೇಕು, ಲೆಕ್ಕದ ಚೀಟಿ ನೋಡಬೇಕು, ಬೆಳೆ ಬೆಳೆಯುವ ತಿಂಗಳುಗಳಲ್ಲಿ ಮಾತನಾಡಿಸಿ, ಮಾರುವ ತಿಂಗಳುಗಳಲ್ಲಿ ಮತ್ತೆ ಮಾತನಾಡಿಸಬೇಕು. ಇದನ್ನು ಕಲಿತವಳು ಯಾವ ಸಂದರ್ಶನದಲ್ಲೂ 'ಹೊಸದಾಗಿ ಏನು ಗೊತ್ತಾಯಿತು' ಎಂಬ ಪ್ರಶ್ನೆಗೆ ತಲೆ ತಗ್ಗಿಸಬೇಕಾಗಿಲ್ಲ.

ನಮ್ಮ ಜಿಲ್ಲೆಯ ಮಕ್ಕಳಿಗೆ ಇಲ್ಲಿ ಒಂದು ಅನುಕೂಲವೂ ಇದೆ. ಅವರೇ ಅದನ್ನು ಕೊರತೆ ಎಂದು ತಿಳಿದಿರುತ್ತಾರೆ. ಮನೆಯಲ್ಲಿ ದಖನಿ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ತಿಣುಕುತ್ತಾ ಇಂಗ್ಲಿಷ್. ಪ್ರಬಂಧದ ಇಂಗ್ಲಿಷನ್ನು ತಿದ್ದಬಹುದು, ಅದಕ್ಕೆ ಉಪಾಯಗಳಿವೆ. ಆದರೆ ಬೆಳಗಿನ ಜಾವ ಮಂಡಿಯ ಹಮಾಲನ ಹತ್ತಿರ ಅವನ ಮಾತಿನಲ್ಲೇ ಮಾತನಾಡಿ ನಿಜ ಹೊರಡಿಸುವುದನ್ನು ಯಾವ ಸಂಸ್ಥೆಯೂ ಎರಡು ವರ್ಷದಲ್ಲಿ ಕಲಿಸಲಾರದು. ಮಾಲೂರಿನ ಹೆಂಚಿನ ಕಾರ್ಖಾನೆಗಳು, ನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಹಳ್ಳಿಗಳಿಂದ ಬಸ್ಸಿನಲ್ಲಿ ಹೋಗುವ ಹೆಣ್ಣುಮಕ್ಕಳ ಪಾಳಿ, ಹಾಲು ಉತ್ಪಾದಕರ ಸಂಘಗಳು, ರೇಷ್ಮೆಗೂಡಿನ ಹರಾಜು, 2001ರ ಫೆಬ್ರವರಿ 28ರಂದು ಮುಚ್ಚಿದ ಚಿನ್ನದ ಗಣಿಯ ನಂತರ ಕೆಜಿಎಫ್‌ನಿಂದ ದಿನವೂ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವವರ ಬದುಕು: ಇವೆಲ್ಲ ಮ್ಯಾನೇಜ್‌ಮೆಂಟ್ ಸಂಶೋಧನೆಯ ಹೊಲಗಳೇ.

ಬೋರ್ಡಿನ ಮುಂದೆ ನಿಲ್ಲುವುದು

2022ರ ನಿಯಮಾವಳಿಯಲ್ಲಿ ಹೆಚ್ಚು ಜನ ಗಮನಿಸದ ಒಂದು ಮಾತಿದೆ. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ತಮ್ಮ ವಿಷಯವನ್ನು ಕಲಿಸುವ, ಬರೆಯುವ ತರಬೇತಿ ಕೊಡಬೇಕು, ವಾರಕ್ಕೆ 4ರಿಂದ 6 ಗಂಟೆ ಬೋಧನೆ ಅಥವಾ ಸಂಶೋಧನಾ ಸಹಾಯದ ಕೆಲಸ ಕೊಡಬಹುದು ಎಂದು ಅದು ಹೇಳುತ್ತದೆ. ಹಾಗೆಯೇ ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ನಿಂತು ಪ್ರಗತಿ ಹೇಳಬೇಕು. ಕಾಗದದ ಮೇಲೆ ಇದು ಎಲ್ಲ ಕಡೆ ಇದೆ. ನಿಜವಾಗಿ ನಡೆಯುತ್ತದೆಯೇ ಎಂಬುದು ವಿಭಾಗದಿಂದ ವಿಭಾಗಕ್ಕೆ ಬೇರೆ. ಕೆಲವು ಕಡೆ ಸಮಿತಿಯ ಸಭೆ ಎಂದರೆ ಸಹಿ ಹಾಕುವ ಹತ್ತು ನಿಮಿಷ.

ಅದಕ್ಕೇ ನಾವು ಈ ವರ್ಷದಿಂದ ತಿಂಗಳಿಗೆ ಒಂದು ಭಾನುವಾರ ಹುತ್ತೂರಿನಲ್ಲಿ ಪಾಠದ ಅಭ್ಯಾಸ ಇಟ್ಟುಕೊಳ್ಳುತ್ತೇವೆ. ಬೋರ್ಡು, ಬೆಂಚು, ಊರಿನ ಪಿಯುಸಿ ಮಕ್ಕಳು. ಸಂಶೋಧನಾ ವಿದ್ಯಾರ್ಥಿ ಇಪ್ಪತ್ತು ನಿಮಿಷ ಒಂದು ಪರಿಕಲ್ಪನೆ ಕಲಿಸಬೇಕು, ಬೇಡಿಕೆ-ಪೂರೈಕೆಯೋ ಲಾಭ-ನಷ್ಟ ಸಮತೋಲನ ಬಿಂದುವೋ ಯಾವುದಾದರೂ. ಆಮೇಲೆ ಮಕ್ಕಳು ಪ್ರಶ್ನೆ ಕೇಳಬೇಕು. ಪಿಯುಸಿ ಮಕ್ಕಳಷ್ಟು ಕಠಿಣ ಪರೀಕ್ಷಕರು ಇಲ್ಲ. ಅರ್ಥವಾಗದಿದ್ದರೆ ಮುಖದಲ್ಲೇ ತೋರಿಸುತ್ತಾರೆ. ಮೊದಲನೆಯ ಬೆಂಚಿನಲ್ಲಿ ಕೂತು ತಪ್ಪು ಹೇಳಲು ಒಪ್ಪಿರುವವನು, ಸಂದರ್ಶನದಲ್ಲಿ ಮಾತು ಹೊರಡದೆ ನಿಂತ ನಮ್ಮ ಆ ಹುಡುಗ. ಎಲ್ಲಿ ಗಂಟಲು ಕಟ್ಟುತ್ತದೆ ಎಂದು ತನಗೆ ಚೆನ್ನಾಗಿ ಗೊತ್ತು ಎಂದು ನಗುತ್ತಾನೆ.

ದುಡ್ಡು ಕೇಳುವ ಪತ್ರಿಕೆ, ದುಡ್ಡು ಕೇಳುವ ಪದವಿ

ಪ್ರಕಟಣೆಯ ಬಗ್ಗೆ ಪೋಷಕರಿಗೂ ಒಂದಿಷ್ಟು ತಿಳಿದಿರಬೇಕು, ಏಕೆಂದರೆ ಕೊನೆಗೆ ದುಡ್ಡು ಕೇಳುವುದು ಅವರನ್ನೇ. ಒಳ್ಳೆಯ ಪತ್ರಿಕೆಗೆ ಲೇಖನ ಕಳುಹಿಸಿದರೆ ಸಂಪಾದಕರು ಅದನ್ನು ಲೇಖಕರ ಹೆಸರು ತೆಗೆದು ಇಬ್ಬರು ಮೂವರು ತಜ್ಞರಿಗೆ ಕಳುಹಿಸುತ್ತಾರೆ. ಅವರು ತಿಂಗಳುಗಟ್ಟಲೆ ತೆಗೆದುಕೊಂಡು ತಪ್ಪು ಪಟ್ಟಿ ಮಾಡುತ್ತಾರೆ. ತಿದ್ದಿ ಮತ್ತೆ ಕಳುಹಿಸಬೇಕು. ಮ್ಯಾನೇಜ್‌ಮೆಂಟ್‌ನ ಮೇಲ್ಮಟ್ಟದ ಪತ್ರಿಕೆಗಳು ಬಂದ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚನ್ನು ತಿರಸ್ಕರಿಸುತ್ತವೆ. ಹಾಗಾಗಿ "ನನ್ನ ಲೇಖನ ವಾಪಸ್ ಬಂತು" ಎಂದು ಮಗಳು ಹೇಳಿದರೆ ಅದು ಫೇಲಾದ ಸುದ್ದಿಯಲ್ಲ. ಒಂದು ವಾರದಲ್ಲಿ ಪ್ರಕಟಿಸುತ್ತೇವೆ, ಮೊದಲು ಇಷ್ಟು ಕಟ್ಟಿ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದರೆ, ಒಂದೇ ಪತ್ರಿಕೆ ಎಂಜಿನಿಯರಿಂಗ್, ಆಯುರ್ವೇದ, ಮ್ಯಾನೇಜ್‌ಮೆಂಟ್ ಎಲ್ಲವನ್ನೂ ಹಾಕುತ್ತಿದ್ದರೆ, ಆಗ ಹೆದರಬೇಕು. ಯುಜಿಸಿ 2019ರಿಂದ ನಂಬಬಹುದಾದ ಪತ್ರಿಕೆಗಳ 'ಕೇರ್' ಪಟ್ಟಿ ಇಟ್ಟಿತ್ತು, 2025ರಲ್ಲಿ ಅದನ್ನು ಕೈಬಿಟ್ಟಿತು. ಇನ್ನು ಮೇಲೆ ಒಳ್ಳೆಯದು ಕೆಟ್ಟದ್ದು ಗುರುತಿಸುವ ಹೊಣೆ ಸಂಸ್ಥೆಗಳ ಮೇಲೆ, ವಿದ್ಯಾರ್ಥಿಯ ಮೇಲೆ. 2022ರ ನಿಯಮಾವಳಿ ಪಿಎಚ್.ಡಿ.ಗೆ ಮುಂಚೆ ಲೇಖನ ಪ್ರಕಟಿಸಲೇಬೇಕು ಎಂಬ ಕಡ್ಡಾಯವನ್ನೂ ತೆಗೆದಿದೆ. ನಾಲ್ಕು ಸುಳ್ಳು ಪ್ರಕಟಣೆಗಿಂತ ಒಂದೂ ಇಲ್ಲದಿರುವುದು ಮೇಲು ಎಂಬುದು ನಮ್ಮ ಅಭಿಪ್ರಾಯ.

ನಕಲಿನ ವಿಷಯದಲ್ಲಿ 2018ರ ನಿಯಮ ಖಡಾಖಂಡಿತ. ಪ್ರಬಂಧದಲ್ಲಿ ಬೇರೆಯವರ ಬರಹದ ಹೋಲಿಕೆ 10 ಶೇಕಡಾ ದಾಟಿದರೆ ತಿದ್ದಿ ಕೊಡಬೇಕು, 40 ದಾಟಿದರೆ ಒಂದು ವರ್ಷ ಮತ್ತೆ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಪ್ರಬಂಧ ಬರೆದುಕೊಡುತ್ತೇವೆ ಎನ್ನುವವರಿಗೆ ಕೊಟ್ಟ ಹಣ ಅಲ್ಲಿಗೆ ಮುಗಿಯುವುದಿಲ್ಲ. ಆ ಪ್ರಬಂಧ ಶೋಧಗಂಗಾ ಭಂಡಾರದಲ್ಲಿ ಯಾರು ಬೇಕಾದರೂ ತೆರೆದು ಓದುವಂತೆ ಜೀವನಪೂರ್ತಿ ಇರುತ್ತದೆ. ಪೂರ್ತಿ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆ ಇಲ್ಲವೆಂದು ಯುಜಿಸಿ 2022ರಲ್ಲೇ ಎಚ್ಚರಿಸಿದೆ. 2025ರ ಜನವರಿಯಲ್ಲಿ ರಾಜಸ್ಥಾನದ ಮೂರು ವಿಶ್ವವಿದ್ಯಾಲಯಗಳು ಐದು ವರ್ಷ ಪಿಎಚ್.ಡಿ. ಪ್ರವೇಶ ಕೊಡದಂತೆ ನಿರ್ಬಂಧಿಸಿತು. ಅಷ್ಟು ದೂರದ ಊರು ನಮಗೇಕೆ ಎನ್ನಬೇಡಿ. ದೂರದ ವಿಶ್ವವಿದ್ಯಾಲಯಗಳಲ್ಲಿ ಸೀಟು ಕೊಡಿಸುತ್ತೇವೆ ಎಂಬ ಕರಪತ್ರಗಳು ನಮ್ಮ ಕಚೇರಿಯ ಬಾಗಿಲಿಗೂ ಬರುತ್ತವೆ.

ಹೆಣ್ಣುಮಕ್ಕಳ ಮನೆಯವರಿಗೆ

ಪಿಎಚ್.ಡಿ.ಗೆ ಸೇರಿದ ಹೆಣ್ಣುಮಕ್ಕಳ ತಂದೆತಾಯಿ ನಮ್ಮಲ್ಲಿ ಕೇಳುವುದು ಸಾಮಾನ್ಯವಾಗಿ ಒಂದೇ ಮಾತು: ಮದುವೆಯಾದರೆ ಇದೆಲ್ಲ ನೀರಿನಲ್ಲಿ ಹೋಮವಲ್ಲವೇ? ಅಲ್ಲ. ನಿಯಮ ಅವರ ಪರವಾಗಿದೆ, ಹೇಳುವವರಿಲ್ಲ ಅಷ್ಟೆ. ಹೆಣ್ಣುಮಕ್ಕಳಿಗೆ ಗರಿಷ್ಠ ಅವಧಿಯಲ್ಲಿ ಇನ್ನೂ 2 ವರ್ಷ ಹೆಚ್ಚು ಸಿಗಬಹುದು, ಒಟ್ಟು 10 ವರ್ಷದವರೆಗೆ. ಹೆರಿಗೆ ಮತ್ತು ಮಗುವಿನ ಆರೈಕೆಗೆಂದು ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆ ಪಡೆಯಬಹುದು. ಮದುವೆಯಾಗಿ ಬೇರೆ ಊರಿಗೆ ಹೋದರೆ ಅಲ್ಲಿಯವರೆಗೆ ಸಂಗ್ರಹಿಸಿದ ಸಂಶೋಧನಾ ಮಾಹಿತಿಯೊಡನೆ ಹೊಸ ಊರಿನ ವಿಶ್ವವಿದ್ಯಾಲಯಕ್ಕೆ ವರ್ಗವಾಗಲು ಅವಕಾಶವಿದೆ. ಸಂಬಂಧ ಮಾತನಾಡುವಾಗ ಮೆಹರ್ ಬಗ್ಗೆ ಮಾತನಾಡುತ್ತೀರಿ, ಓದು ಮುಗಿಸುವ ಮಾತನ್ನೂ ಆ ದಿನವೇ, ಎಲ್ಲರ ಎದುರಿಗೆ ಆಡಿಬಿಡಿ. ಆಮೇಲೆ ಹೇಳಿದರೆ ಅದು ಸೊಸೆಯ ಹಟವಾಗುತ್ತದೆ.

ಇನ್ನೊಂದು ಸಣ್ಣ ಮಾತು ಎಲ್ಲ ಮನೆಗಳಿಗೂ. ಹಬ್ಬದ ದಿನ ನೆಂಟರೆಲ್ಲ ಸೇರಿದಾಗ "ಇನ್ನೂ ಮುಗಿದಿಲ್ಲವಾ?" ಎಂದು ಕೇಳಬೇಡಿ. ಮೂರನೆಯ ವರ್ಷದಲ್ಲಿ ಆ ಮಾತಿಗೇ ಬಿಟ್ಟುಬಿಟ್ಟವರನ್ನು ನಾವು ನೋಡಿದ್ದೇವೆ.

ಒಂಟಿಯಾಗಿ ಓದುವ ಕಷ್ಟ

1994ರಲ್ಲಿ ಅಮೆರಿಕದಲ್ಲಿ ಕೆಪಿಎಂಜಿ ಪ್ರತಿಷ್ಠಾನ ಮತ್ತು ಕೆಲವು ಸಂಸ್ಥೆಗಳು ಸೇರಿ 'ಪಿಎಚ್‌ಡಿ ಪ್ರಾಜೆಕ್ಟ್' ಎಂಬ ಕೆಲಸ ಶುರುಮಾಡಿದವು. ಆಗ ಆ ದೇಶದ ಬಿಸಿನೆಸ್ ಕಾಲೇಜುಗಳಲ್ಲಿ ಡಾಕ್ಟರೇಟ್ ಪಡೆದ ಕಪ್ಪು, ಹಿಸ್ಪಾನಿಕ್ ಮತ್ತು ಮೂಲನಿವಾಸಿ ಅಧ್ಯಾಪಕರು ಒಟ್ಟು 294 ಮಂದಿ ಮಾತ್ರ. ಕಾಲು ಶತಮಾನದಲ್ಲಿ ಆ ಸಂಖ್ಯೆ ನಾಲ್ಕು ಪಟ್ಟಿಗೂ ಹೆಚ್ಚಾಯಿತು. ಆ ಯೋಜನೆ ಮುಖ್ಯವಾಗಿ ಕೊಟ್ಟದ್ದು ಶುಲ್ಕವನ್ನಲ್ಲ. ಅಲ್ಲಿನ ಒಳ್ಳೆಯ ಸಂಸ್ಥೆಗಳೂ ಪಿಎಚ್.ಡಿ.ಗೆ ಸಾಮಾನ್ಯವಾಗಿ ಶುಲ್ಕ ತೆಗೆದುಕೊಳ್ಳುವುದಿಲ್ಲ. ಅದು ಕೊಟ್ಟದ್ದು ಮಾಹಿತಿ ಮತ್ತು ಜೊತೆ. ಸೇರುವ ಯೋಚನೆಯಲ್ಲಿರುವವರನ್ನು ವರ್ಷಕ್ಕೊಮ್ಮೆ ಕರೆದು, ಈಗಾಗಲೇ ಅಧ್ಯಾಪಕರಾದವರ ಎದುರು ಕೂರಿಸಿ, ಈ ದಾರಿ ಹೀಗಿರುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿಸಿದರು. ಸೇರಿದವರಿಗೆ ಲೆಕ್ಕಶಾಸ್ತ್ರ, ಮಾರುಕಟ್ಟೆ, ಹಣಕಾಸು ಎಂದು ವಿಷಯವಾರು ವಿದ್ಯಾರ್ಥಿ ಸಂಘಗಳನ್ನು ಕಟ್ಟಿದರು.

ಅಷ್ಟು ದೊಡ್ಡದನ್ನು ನಾವು ಮಾಡಲಾರೆವು. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ನಮ್ಮ ನೆರವು ಪಡೆಯುವ ಸಂಶೋಧನಾ ವಿದ್ಯಾರ್ಥಿಗಳಿಗೆ ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿರಲಿಲ್ಲ ಎಂಬುದು ನಮಗೆ ನಾಚಿಕೆಯ ವಿಷಯ. ಭಾನುವಾರದ ಪಾಠದ ನಂತರ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಅಲ್ಲಿಂದ ಶುರುವಾಗಲಿ.

ಕೆಲಸ ಸಿಗುತ್ತದೆಯೇ?

ಹಿರಿಯ ದಾನಿಯವರ ಪ್ರಶ್ನೆಯ ತಿರುಳು ಇದೇ ಅಲ್ಲವೇ. ಖಚಿತವಾಗಿ ಸಿಗುತ್ತದೆ ಎಂದು ಹೇಳಲಾರೆವು. 2023ರ ತಿದ್ದುಪಡಿಯ ನಂತರ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಕನಿಷ್ಠ ಅರ್ಹತೆ ನೆಟ್ ಅಥವಾ ಸೆಟ್, ಪಿಎಚ್.ಡಿ. ಕಡ್ಡಾಯವಲ್ಲ. ಆದ್ದರಿಂದ ಪಿಎಚ್.ಡಿ. ಮಾಡುವವರೂ ನೆಟ್ ಅಥವಾ ಕೆ-ಸೆಟ್ ಮುಗಿಸಿಕೊಂಡಿರಲಿ. ಈಗ ಕೆ-ಸೆಟ್ ಅನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ, ಮೊದಲ ಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಸರ್ಕಾರಿ ಪದವಿ ಕಾಲೇಜುಗಳಿಗೆ ನೇಮಕಾತಿ ಅಪರೂಪ. 2021ರಲ್ಲಿ 1,242 ಹುದ್ದೆಗಳಿಗೆ ಅಧಿಸೂಚನೆ ಬಂತು, ಅದರ ಪರೀಕ್ಷೆಯಲ್ಲಿ ಕನ್ನಡ ಪತ್ರಿಕೆಯೂ ಇತ್ತು. ಉರ್ದು ಮಾಧ್ಯಮದಲ್ಲಿ ಓದಿದವರು ಇದನ್ನು ಮರೆಯಬಾರದು. ಮಧ್ಯದ ವರ್ಷಗಳಲ್ಲಿ ಹಲವರು ಅತಿಥಿ ಉಪನ್ಯಾಸಕರಾಗಿ ಕಡಿಮೆ ಗೌರವಧನಕ್ಕೆ ದುಡಿಯುತ್ತಾರೆ. ಖಾಸಗಿ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ, ಐಐಎಂಗಳಲ್ಲಿ, ಹೊರದೇಶದಲ್ಲಿ ಮಾತ್ರ ಪಿಎಚ್.ಡಿ.ಯ ಗುಣಮಟ್ಟಕ್ಕೆ ಬೆಲೆ ಇದೆ. ಒಳ್ಳೆಯ ಸಂಶೋಧನೆ ಮಾಡಿದವರಿಗೆ ಅಲ್ಲಿ ಬಾಗಿಲು ತೆರೆಯುತ್ತದೆ, ರಸೀದಿ ಮಾತ್ರ ಇಟ್ಟುಕೊಂಡವರಿಗೆ ತೆರೆಯುವುದಿಲ್ಲ. ಯಾರಿಗೆ ಓದಿನಲ್ಲಿ ಅಂಥ ಆಸೆ ಇಲ್ಲವೋ ಅವರು ಎಂಬಿಎ ಮುಗಿಸಿ ಕಂಪನಿಗೆ ಹೋಗಲಿ. ಅದನ್ನು ಅರ್ಜಿಯ ದಿನವೇ ಹೇಳಲು ಈ ವರ್ಷದಿಂದ ನಾವು ಹಿಂಜರಿಯುವುದಿಲ್ಲ.

ಈ ವರ್ಷದ ಸೂಚನೆ

ಪಿಎಚ್.ಡಿ. ನೆರವನ್ನು ಇನ್ನು ಮುಂದೆ ವರ್ಷಕ್ಕೊಮ್ಮೆ ಶುಲ್ಕಕ್ಕೆ ಮಾತ್ರ ಕೊಡುವುದಿಲ್ಲ. ಮಾಹಿತಿ ಸಂಗ್ರಹದ ಓಡಾಟ, ನೆಟ್ ತಯಾರಿಯ ಪುಸ್ತಕ, ಒಂದು ಸಮ್ಮೇಳನಕ್ಕೆ ಹೋಗಿಬರುವ ಖರ್ಚು, ಪ್ರಬಂಧದ ಭಾಷೆ ತಿದ್ದಿಸುವ ಖರ್ಚನ್ನೂ ಕೊಡುತ್ತೇವೆ. ಝಕಾತ್ ಹಣದ ಖಾತೆ ಎಂದಿನಂತೆ ಪ್ರತ್ಯೇಕ. ಅದರಿಂದ ಅರ್ಹ ಬಡ ಕುಟುಂಬದ ವಿದ್ಯಾರ್ಥಿಗೇ ನೇರವಾಗಿ ಕೊಡುತ್ತೇವೆ. ಭಾನುವಾರದ ತರಗತಿ, ಊಟ, ಬೋರ್ಡಿನ ಖರ್ಚು ಸಾಮಾನ್ಯ ದೇಣಿಗೆಯಿಂದ. ಯಾವ ಕೆಲಸಕ್ಕೆ ಕೊಡುತ್ತಿದ್ದೇವೆ ಎಂದು ದಾನಿಗಳು ರಸೀದಿಯಲ್ಲಿ ಬರೆಸಬಹುದು. ಪತ್ರಿಕೆಗಳಿಗೆ ಪ್ರಕಟಣಾ ಶುಲ್ಕ ಕಟ್ಟಲು ಮಾತ್ರ ನಮ್ಮಲ್ಲಿ ಕೇಳಬೇಡಿ.

ಅರ್ಜಿದಾರರು ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ನೋಂದಣಿ ಪತ್ರ ಮತ್ತು ಕಳೆದ ಸೆಮಿಸ್ಟರಿನ ಸಲಹಾ ಸಮಿತಿಯ ವರದಿ ತರಬೇಕು. ಜೊತೆಗೆ ತಮ್ಮ ಸಂಶೋಧನೆಯ ಪ್ರಶ್ನೆ ಏನು ಎಂಬುದನ್ನು ಒಂದು ಪುಟದಲ್ಲಿ, ಕನ್ನಡದಲ್ಲಿ, ತಮ್ಮ ಕೈಬರಹದಲ್ಲಿ ಬರೆದು ತರಬೇಕು. ತಂದೆ ಅಥವಾ ತಾಯಿ ಜೊತೆಗೆ ಬರಬೇಕು. ಮಗ ಅಥವಾ ಮಗಳು ಏನು ಓದುತ್ತಿದ್ದಾರೆ ಎಂದು ಅವರನ್ನೂ ಕೇಳುತ್ತೇವೆ. ಕಳೆದ ಸಲ ಶ್ರೀನಿವಾಸಪುರದ ಆ ತಂದೆಯನ್ನು ಕೇಳಿದಾಗ ಅವರು ಟೋಪಿ ಸರಿಮಾಡಿಕೊಂಡು ಹೇಳಿದರು: "ನಾನು ಆ ಮಂಡಿಯವರನ್ನ ಯಾಕೆ ಬಿಡಲ್ಲ ಅಂತ ಕೇಳ್ತಾಳೆ ಸಾಬ್. ಮೂರು ಸಲ ಕೇಳಿದಳು. ಮೂರು ಸಲವೂ ಬೇರೆ ಬೇರೆ ಹೇಳಿದೆ, ಮೂರನ್ನೂ ಬರ್ಕೊಂಡಳು."